ಅಪ್ಪ ಧರ್ಮಯೋಧನಾದ ಭಾನುವಾರಗಳು

ಹರದನಹಳ್ಳಿ
೧೪ ಜುಲೈ ೨೦೨೪

ಪ್ರೀತಿಯ ರಮ್ಯಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು, ಭಾವ, ಅಮ್ಮು ಹೇಗಿದ್ದೀರಿ? ಅಮ್ಮುವಿನ ಹುಟ್ಟುಹಬ್ಬದ ಫೋಟೋ ಬಂದಾಗಲೇ ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದೆ, ಕೋಪ ಮಾಡ್ಕೋಬೇಡ. ವಾಟ್ಸಾಪ್ ಇರುವಾಗ ಇವಳಿಗೆ ಕಾಗದ ಯಾಕೆ ಅಂತ ನಗಲೂಬೇಡ. ಅಪ್ಪನ ಮಾತು ತೆಗೆದರೆ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವಾದರೆ ಬೇಜಾರಾದಾಗ ಮಡಚಿಟ್ಟು, ಮನಸ್ಸು ಬಂದಾಗ ಮತ್ತೆ ಓದಬಹುದು.

ಅಮ್ಮನ ಮಂಡಿನೋವು ಹಾಗೇ ಇದೆ. ಅರಿಸಿನ ಚೆನ್ನಾಗಿ ಮೊಳೆತಿದೆ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಕಾಯಂ ಆಯಿತು. ಇವೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ನಮ್ಮ ಭಾನುವಾರದ ಆಟ.

ನಮ್ಮ ಫ್ಯಾಕ್ಟರಿಯ ಮಾದೇವ ಇದ್ದಾನಲ್ಲ, ಅವನು ಕಲಿಸಿದ್ದು. ಮೊಬೈಲ್ ಆಟ ಅಲ್ಲ. ಮೇಜಿನ ಸುತ್ತ ಕೂತು ಕಥೆ ಕಟ್ಟುವುದು. ಮಾದೇವ ಕಥೆ ನಡೆಸುತ್ತಾನೆ. ಹಳೇ ಕಾಲದ ರಾಜ್ಯ, ಕೋಟೆ, ರಾಕ್ಷಸರು. ನಾವು ಒಬ್ಬೊಬ್ಬರೂ ಆ ಕಥೆಯೊಳಗೆ ಒಂದೊಂದು ಪಾತ್ರ. ಏನಾದರೂ ಸಾಹಸ ಮಾಡಬೇಕಾದರೆ ದಾಳ ಉರುಳಿಸಬೇಕು, ಗೆದ್ದೆವೋ ಸೋತೆವೋ ದಾಳ ಹೇಳುತ್ತದೆ. ನಾನು ಮಂತ್ರಗಾತಿ. ನನ್ನ ಜೊತೆ ಕೆಲಸ ಮಾಡುವ ಭಾನು ಕಳ್ಳಿ. ರಾಜಶೇಖರ್ ಅಂತ ಇನ್ನೊಬ್ಬ ಇದ್ದಾನೆ, ಅವನು ಧರ್ಮಯೋಧ, ಅಂದರೆ ದೇವರ ಹೆಸರಿನಲ್ಲಿ ವ್ರತ ತೊಟ್ಟು ಕತ್ತಿ ಹಿಡಿದವನು. ಅವನು ಸುಳ್ಳು ಹೇಳುವ ಹಾಗಿಲ್ಲ, ಶರಣಾದವನನ್ನು ಹೊಡೆಯುವ ಹಾಗಿಲ್ಲ, ಆಸರೆ ಕೇಳಿ ಬಂದವರನ್ನು ಕಳಿಸುವ ಹಾಗಿಲ್ಲ, ಕೊಟ್ಟ ಮಾತು ಮುರಿಯುವ ಹಾಗಿಲ್ಲ. ತಪ್ಪಿದರೆ ದೇವರು ಕೊಟ್ಟ ಶಕ್ತಿ ಹೋಗುತ್ತದೆ.

ನಮ್ಮ ಮನೆಯ ಹಾಲ್ ದೊಡ್ಡದು ಅಂತ ಇಲ್ಲೇ ಆಡುತ್ತಿದ್ದೆವು. ಅಪ್ಪ ಜಗಲಿಯಲ್ಲಿ ಕೂತು, ನಮ್ಮ ಕಡೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದ. ಒಂದು ಭಾನುವಾರ ರಾಜಶೇಖರ್ ಕತ್ತಿ ಕೆಳಗಿಟ್ಟ ಒಬ್ಬ ದರೋಡೆಕೋರನನ್ನು ಕಡಿದುಬಿಟ್ಟ. ಹೊರಗಿನಿಂದ ಅಪ್ಪನ ದನಿ ಬಂತು:

"ಲೋ, ಕತ್ತಿ ಮಡುಗ್ದೋನ್ನ ಯಾಕ್ಲಾ ಕಡುದೆ? ವ್ರತ ಅಂದ್ಯಲ್ಲ, ಅದೇನ್ ಬರೀ ಬಾಯ್ಮಾತಾ?"

ನಾವೆಲ್ಲ ನಕ್ಕೆವು. ಅಪ್ಪನನ್ನು ದೊಡ್ಡಪ್ಪ ಅಂತಲೇ ಕರೆಯುವ ಮಾದೇವ ನಗಲಿಲ್ಲ. "ದೊಡ್ಡಪ್ಪ ಹೇಳಿದ್ದು ಸರಿ ಕಣ್ಲಾ" ಅಂದು ಆವತ್ತಿನ ಮಟ್ಟಿಗೆ ಧರ್ಮಯೋಧನ ಶಕ್ತಿ ಕಿತ್ತುಕೊಂಡ. ಆಮೇಲೆ ರಾಜಶೇಖರನಿಗೆ ಭಾನುವಾರವೂ ಶಿಫ್ಟ್ ಬಿತ್ತು. "ದೊಡ್ಡಪ್ಪ, ನೀವೇ ಬನ್ನಿ" ಅಂತ ಮಾದೇವ ಕರೆದ. ಬೇಡ ಬೇಡ ಅನ್ನುತ್ತಲೇ ಅಪ್ಪ ಬಂದು ಕೂತ.

ನೀನು ನೋಡಬೇಕಿತ್ತು ಅಕ್ಕ. ಊರಿನ ನ್ಯಾಯಕ್ಕೆ ಕೂರುವಾಗ ಹೇಗಿರುತ್ತಾನೋ ಹಾಗೇ, ಶಲ್ಯ ಸರಿಮಾಡಿಕೊಂಡು ಕೂರುತ್ತಿದ್ದ. ಭಾನುವಿನ ಕಳ್ಳಿ ಸಂತೆಯಲ್ಲಿ ಹಣ್ಣು ಎಗರಿಸಿದರೆ, ಈ ಯೋಧ ಆ ಅಂಗಡಿ ಮುಂದೆ ನಿಂತು "ನಮ್ಮೋಳು ತಗಂಡವ್ಳೆ, ಕಾಸು ಈಸ್ಕಳಿ" ಅನ್ನುತ್ತಿದ್ದ. ಅವಿತುಕೊಂಡಿರುವಾಗ ಸೈನಿಕರು "ಯಾರಲ್ಲಿ?" ಅಂದರೆ "ನಾವೇ" ಅಂದುಬಿಡುತ್ತಿದ್ದ. ಭಾನು ತಲೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ನಗುತ್ತಿದ್ದ. ನೀನು ಹೋದಮೇಲೆ ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡು ಹೋಗುತ್ತಿದ್ದಳು.

ಮೇ ತಿಂಗಳ ಒಂದು ಭಾನುವಾರ ಕಥೆ ಕೋಟೆಯೊಂದಕ್ಕೆ ಬಂತು. ಸೂರ್ಯ ಹುಟ್ಟುವವರೆಗೆ ಯಾರಿಗೂ ಬಾಗಿಲು ತೆಗೆಯುವುದಿಲ್ಲ ಅಂತ ಧರ್ಮಯೋಧ ರಾಜನಿಗೆ ಮಾತು ಕೊಟ್ಟಿದ್ದ. ಆಗ ಮಾದೇವ ಹೇಳಿದ, "ಹೊರಗೆ ಒಬ್ಬ ಹೆಂಗಸು ಬಂದು ನಿಂತಿದ್ದಾಳೆ ದೊಡ್ಡಪ್ಪ. ಸೊಂಟದ ಮೇಲೆ ಮಗು. ಒಳಗೆ ಬಿಡಿ ಅಂತಿದ್ದಾಳೆ."

ನಾನು ಅಪ್ಪನ ಕಡೆ ನೋಡಿದೆ. ಮಾದೇವನಿಗೆ ನಮ್ಮ ಮನೆಯ ವಿಷಯ ಒಂದೂ ಗೊತ್ತಿಲ್ಲ, ಅಕ್ಕ. ನಿನ್ನ ಮದುವೆಯ ದಿನ ಅಪ್ಪ ಊರವರ ಮುಂದೆ ಏನಂದಿದ್ದ ಅಂತ ನಾನು ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಿಲ್ಲ. "ಬೇರೆ ಜಾತಿ, ಬೇರೆ ಭಾಷೆಯೋನ್ನ ಕಟ್ಕೊಂಡು ಒಂಟೋದ್ಲು. ನನ್ನ ಜೀವ ಇರೋಗಂಟ ಅವ್ಳು ಈ ಹೊಸ್ಲು ತುಳ್ಯಂಗಿಲ್ಲ." ಆ ಮಾತು ನಿನಗೆ ನಾನು ನೆನಪಿಸಬೇಕಿಲ್ಲ.

ಅಪ್ಪ ದಾಳ ಕೈಗೆತ್ತಿಕೊಂಡ. ಭಾನು, "ಆಸರೆ ಕೇಳಿ ಬಂದೋರನ್ನ ಕಳಿಸೋ ಹಾಗಿಲ್ಲ ಅಲ್ವಾ ದೊಡ್ಡಪ್ಪ, ತೆಗೀರಿ" ಅಂದಳು.

"ಮಾತೂ ಕೊಟ್ಟಿವ್ನಿ ಕಣವ್ವ" ಅಂದ ಅಪ್ಪ. "ತಗ್ಯಲ್ಲ. ಬೆಳಕಾಗ್ಲಿ" ಅಂದ.

ಮಾದೇವ ಕಥೆ ಮುಂದುವರಿಸಿದ. ಬೆಳಕಾಯಿತು, ಬಾಗಿಲು ತೆಗೆದರು, ಹೊರಗೆ ಯಾರೂ ಇರಲಿಲ್ಲ. ಅಪ್ಪ ಕೇಳಿದ, "ಸತ್ತೋದ್ಲಾ?"

"ಇಲ್ಲ ದೊಡ್ಡಪ್ಪ. ಹೊರಟುಹೋಗಿದ್ದಾಳೆ. ಹೆಜ್ಜೆ ಗುರುತು ಕಾಡಿನ ಕಡೆ ಹೋಗಿದೆ."

"ನನ್ ಸಕ್ತಿ ಓಯ್ತಾ?"

"ರಾಜನಿಗೆ ಕೊಟ್ಟ ಮಾತು ಉಳಿಸಿಕೊಂಡಿರಿ. ಅವಳನ್ನ ಹೊರಗೆ ನಿಲ್ಲಿಸಿದಿರಿ. ಶಕ್ತಿ ಇದೆಯೋ ಹೋಯಿತೋ, ನಾನು ಹೇಳಲ್ಲ. ನಿಮ್ಮ ಯೋಧನಿಗೆ ಏನನ್ನಿಸುತ್ತೆ?"

ಅಪ್ಪ ದಾಳವನ್ನು ಮೇಜಿನ ಮೇಲಿಟ್ಟ. "ಕುದ್ರೆ ಕಟ್ಲಾ ಮಾದೇವ. ನಾ ಅವ್ಳ್ನ ಉಡುಕ್ಕಂಡು ಓಯ್ತೀನಿ" ಅಂದ.

ಆವತ್ತಿನ ಆಟ ಅಲ್ಲಿಗೆ ನಿಂತಿತು. ಎಲ್ಲರೂ ಹೋದಮೇಲೆ ಅಪ್ಪ ನನ್ನನ್ನು ಕೇಳಿದ, "ನೀ ಯೋಳ್ಕೊಟ್ಟಿದ್ದಾ ಕಣಮ್ಮಿ, ಅವುನ್ಗೆ?" ಇಲ್ಲಪ್ಪ ಅಂದೆ. ನನ್ನ ಮುಖ ನೋಡಿದ, ನಂಬಿದ.

ಆ ವಾರದಲ್ಲೇ ಒಂದು ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು, ಗುಂಡ್ಲುಪೇಟೆಗೆ ಹೋಗಿಬರುತ್ತೇನೆ ಅಂತ ಹೊರಟ. ತರಕಾರಿ ರೇಟು ನೋಡಬೇಕು ಅಂದ. ನಮ್ಮ ಹೊಲದಲ್ಲಿ ತರಕಾರಿ ಇರಲಿಲ್ಲ. ನಿಮ್ಮ ಕೇರಳದ ಕಡೆಯ ಬಸ್ಸು ಹಿಡಿಯುವುದು ಗುಂಡ್ಲುಪೇಟೆಯಲ್ಲೇ. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಬಾಯಿ ಬಿಟ್ಟು ಹೇಳಿದರೆ ಎಲ್ಲಿ ವಾಪಸ್ ಬಂದುಬಿಡುತ್ತಾನೋ ಅಂತ ಭಯ. ಆ ದಿನವೆಲ್ಲ ಫ್ಯಾಕ್ಟರಿಯಲ್ಲಿ ಫೋನ್ ಕೈಯಲ್ಲೇ ಹಿಡಿದಿದ್ದೆ, ಅಕ್ಕ. ನೀನು ಮಾಡುತ್ತೀಯ, ಅಳುತ್ತೀಯ, ಅಪ್ಪನ ಕೈಗೆ ಫೋನ್ ಕೊಡುತ್ತೀಯ ಅಂತ ಏನೇನೋ ಅಂದುಕೊಂಡೆ. ನಿನ್ನಿಂದ ಫೋನ್ ಬರಲಿಲ್ಲ.

ಅಪ್ಪ ದೀಪ ಹಚ್ಚುವ ಹೊತ್ತಿಗೆ ಬಂದ. ಕೈಕಾಲು ತೊಳೆದು ಉಂಡು ಮಲಗಿದ. ಅಮ್ಮ ಮೆಲ್ಲಗೆ "ಓಗಿದ್ದ ಕೆಲ್ಸ ಆಯ್ತಾ?" ಅಂದದ್ದಕ್ಕೆ "ಬಸ್ಸು ಸಿಕ್ನಿಲ್ಲ" ಅಂದ.

ಮುಂದಿನ ಭಾನುವಾರ ಎಲ್ಲರೂ ಬಂದು ಕೂತರು. ಅಪ್ಪ ಜಗಲಿಯಿಂದ ಏಳಲಿಲ್ಲ. ಮಾದೇವನೇ ಹೋಗಿ ಕರೆದ. "ಕುದುರೆ ಸಿದ್ಧ ಆಗಿದೆ ದೊಡ್ಡಪ್ಪ. ಆ ಹೆಂಗಸು ಎಲ್ಲಿಗೆ ಹೋದಳು ಅಂತ ನೋಡೋದು ಬೇಡ್ವಾ?"

"ಬ್ಯಾಡ ಕಣ್ಲಾ. ಬ್ಯಾರೆ ಯಾರ್ಗಾದ್ರೂ ಕೊಟ್ಬುಡು. ಸುಳ್ಳಾಡ್ದೋನು ಆ ಪಾತ್ರ ಆಡಂಗಿಲ್ಲ" ಅಂದ ಅಪ್ಪ.

ತರಕಾರಿ ರೇಟು ಅಂದ ಸುಳ್ಳಿನ ಮಾತು ಇರಬೇಕು ಅಂದುಕೊಂಡೆ. ಅಷ್ಟಕ್ಕೇ ಯಾಕೆ ಇಷ್ಟು ಅಂತ ಅನ್ನಿಸಿತು, ಆದರೆ ಕೇಳಲಿಲ್ಲ. ಆಮೇಲೆ ಆಟಕ್ಕೆ ಜೀವ ಬರಲಿಲ್ಲ. ಆ ಪಾತ್ರವನ್ನು ಮಾದೇವ ಯಾರಿಗೂ ಕೊಡಲಿಲ್ಲ. ಅವರು ಈಗ ಚಾಮರಾಜನಗರದಲ್ಲಿ ಭಾನುವಿನ ಮನೆಯಲ್ಲಿ ಸೇರುತ್ತಾರೆ, ನಾನು ಯಾವಾಗಲಾದರೂ ಹೋಗುತ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಹಾಲ್ ಮೊದಲಿನಂತೆ ಖಾಲಿ. ಅಪ್ಪನಿಗೆ ಆಟದ ಚಪಲ ಹತ್ತಿಸಿ ತಪ್ಪು ಮಾಡಿದೆವಾ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಮೊದಲು ನಗುವುದನ್ನೇ ಮರೆತು ಆರಾಮಾಗಿದ್ದ.

ನಿನಗೆ ಕೋಪ ಇರುವುದು ಸರಿಯೇ. ಬಾ ಅಂತ ನಾನು ಕರೆಯುವ ಹಾಗಿಲ್ಲ, ಅದು ಅಪ್ಪನ ಬಾಯಿಂದಲೇ ಬರಬೇಕು. ಅಮ್ಮ ನಿಮ್ಮ ಮೂವರಿಗೂ ಆಶೀರ್ವಾದ ಹೇಳಿದ್ದಾಳೆ. ತಣ್ಣಗಿರಿ, ಮಗುವಿಗೆ ಶೀತ ಆಗದ ಹಾಗೆ ನೋಡಿಕೋ ಅಂತ ಬರೆಯಲು ಹೇಳಿದಳು. ಭಾವನಿಗೆ ನಮಸ್ಕಾರ. ಅಮ್ಮುವಿನ ಎರಡು ಕೆನ್ನೆಗೂ ಚಿಕ್ಕಮ್ಮನ ಮುತ್ತು.

ನಿನ್ನ,
ಸುಧಾಮಣಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲೋ ಬೇಡವೋ ಅಂತ ಇಲ್ಲಿಯವರೆಗೆ ತಡೆದುಕೊಂಡೆ. ಯಾರಿಗೂ ಹೇಳಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ. ಹೋದ ವಾರ ಅರಿಸಿನಕ್ಕೆ ನೀರು ಬಿಡುವಾಗ ತಾನಾಗಿಯೇ ಹೇಳಿದ. ಆವತ್ತು ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಯವರ ಹತ್ತಿರ ಭಾವನ ಮನೆ ಎಲ್ಲಿ ಅಂತ ವಿಚಾರಿಸಿಕೊಂಡು, ಮದ್ದೂರು ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿಗೆ ಬಂದಿದ್ದನಂತೆ. ನಿಮ್ಮ ಗೇಟಿನ ಮುಂದೆ ನಿಂತನಂತೆ. ಅಂಗಳದಲ್ಲಿ ಆಡುತ್ತಿದ್ದ ಅಮ್ಮು ಬಂದು ಮಲಯಾಳದಲ್ಲಿ ಏನೋ ಕೇಳಿತಂತೆ. "ಯಾರು ಅಂತ ಕೇಳ್ತು ಅಷ್ಟೇ ಕಣಮ್ಮಿ. ತಾತ ಅಂತ ಎಂಗ್ ಯೋಳ್ಲಿ, ಯಾವ ಮೊಕ ಮಡಿಕಂಡು? ದಾರಿ ತಪ್ತು ಅಂತ ಸುಳ್ಳಾಡ್ಬುಟ್ಟೆ." ಮಗು ಒಳಗೆ ಓಡಿತಂತೆ, ಅಪ್ಪ ರಸ್ತೆಗಿಳಿದನಂತೆ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ನೀನು ಗೇಟಿನ ಹತ್ತಿರ ಬಂದು ನಿಂತಿದ್ದೆಯಂತೆ. ಅಪ್ಪನ ಕಡೆಯೇ ನೋಡುತ್ತಿದ್ದೆಯಂತೆ. ಆಮೇಲೆ ಮಗುವಿನ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆಯಂತೆ. "ಗುರ್ತು ಸಿಕ್ನಿಲ್ವೋ, ಸಿಕ್ಕೇ ಒಳೀಕ್ ಓದ್ಲೋ" ಅಂತ ಅಪ್ಪ ನನ್ನ ಕೇಳಿದ. ನಾನು ಏನು ಹೇಳಲಿ, ಅಕ್ಕ? ಗುರುತು ಸಿಗಲಿಲ್ಲ ಅಂತ ಆದರೂ ಒಂದು ಸಾಲು ಬರಿ.