ನಾಲ್ಕನೇ ಜ್ವರ ಎದ್ದ ಹುಳುಗಳೂ ಎಡಗೈಯ ಶಾಯಿಯೂ

ಶಿಡ್ಲಘಟ್ಟ ತಾಲ್ಲೂಕು
೭-೩-೧೯೬೨

ತೀರ್ಥರೂಪ ಸಮಾನಳಾದ ಅಕ್ಕ ಶ್ಯಾಮಲಮ್ಮನಿಗೆ ತಮ್ಮ ಚನ್ನಕೇಶವ ಮಾಡುವ ನಮಸ್ಕಾರಗಳು.

ಇಡೀ ಮೈಸೂರು ರಾಜ್ಯಕ್ಕೆ ಡಂಗುರ ಹೊಡೆಸಿ ಸಾರತಕ್ಕ ಸುದ್ದಿಯೊಂದನ್ನು ಮೊದಲು ನಿನಗೊಬ್ಬಳಿಗೇ ತಿಳಿಸುತ್ತಿದ್ದೇನೆ: ನನ್ನ ಪೆನ್ನಿನ ಮುಚ್ಚಳ ಸಿಕ್ಕಿತು. ಮೂರು ವಾರ ಈ ಮುಚ್ಚಳಕ್ಕಾಗಿ ಶಾಲೆಯ ನಲವತ್ತೆರಡು ಮಕ್ಕಳ ಜೇಬು ತಪಾಸಣೆಯಾಯಿತು, ಇಬ್ಬರ ಮೇಲೆ ಅನುಮಾನವೂ ಬಂತು. ಕೊನೆಗೆ ಅದು ಪೆನ್ನಿನ ಹಿಂಭಾಗಕ್ಕೇ ಸಿಕ್ಕಿಕೊಂಡಿತ್ತು. ಕಾಗದ ತಡವಾದದ್ದಕ್ಕೆ ಇದೇ ಕಾರಣವೆಂದು ನೀನು ನಂಬಿದರೆ ನನಗೆ ಸಂತೋಷ. ನಂಬದಿದ್ದರೆ ಕ್ಷಮಿಸು.

ಕಳೆದ ತಿಂಗಳ ಚುನಾವಣೆಯಲ್ಲಿ ಸರ್ಕಾರದವರು ನನಗೆ ವಹಿಸಿದ ಅಧಿಕಾರದ ವಿಷಯ ನಿನಗೆ ಗೊತ್ತಿಲ್ಲ. ನಮ್ಮ ಶಾಲೆಗೆ ಎರಡು ಮೈಲಿ ದೂರದ ಊರಿನ ಮತಗಟ್ಟೆಯಲ್ಲಿ ನಾನು ಶಾಯಿಯ ಅಧಿಕಾರಿ. ಒಂದು ಸೀಸೆ, ಒಂದು ಕಡ್ಡಿ, ಒಂದು ಮುರುಕಲು ಕುರ್ಚಿ. ಬಂದವರ ಎಡಗೈ ತೋರುಬೆರಳಿಗೆ ಗೀಟು ಎಳೆಯುವುದು. ಪ್ರಜಾಪ್ರಭುತ್ವದ ದಿಡ್ಡಿಬಾಗಿಲಿನ ಕಾವಲುಗಾರನೆಂದು ತಿಳಿದು, ಮಡಿಸಿಟ್ಟಿದ್ದ ಕರಿ ಕೋಟು ಹಾಕಿಕೊಂಡು ಹೋದೆ.

ಬೆಳಗ್ಗೆ ಎಂಟಕ್ಕೆ ಗಂಡಸರ ಸಾಲು ನಿಂತಿತು. ಹೆಂಗಸರಿಗೆ ಬೇರೆ ಹಗ್ಗ ಕಟ್ಟಿದ್ದೆವು. ಆ ಸಾಲಿನಲ್ಲಿ ಹನ್ನೊಂದು ಗಂಟೆಯವರೆಗೆ ಇದ್ದದ್ದು ಒಂದು ನಾಯಿ. ಅದೂ ಮಲಗಿತ್ತು.

ಎದುರು ಜಗಲಿಯ ಮೇಲೆ ಪಟೇಲ ಆವಲಪ್ಪನವರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. "ಏಮಯ್ಯಾ ಮೇಷ್ಟ್ರೇ, ಆ ಕಡೆ ಏನು ನೋಡ್ತೀಯ? ನಮ್ಮ ಹೆಂಗಸ್ರಿಗೆ ಪುರುಸೊತ್ತಿಲ್ಲ ಕಣಪ್ಪ. ಹುಳ ನಾಲ್ಕನೇ ಜ್ವರ ಎದ್ದವೆ" ಅಂದರು.

ನೀನು ಗೌರಿಬಿದನೂರಿನ ಕಬ್ಬಿನ ಸೀಮೆ ಸೇರಿ ಮರೆತಿರಬಹುದು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಏನೂ ತಿನ್ನದೆ ಮಲಗುವುದಕ್ಕೆ ಜ್ವರ ಅನ್ನುತ್ತಾರಲ್ಲ, ನಾಲ್ಕನೆಯ ಜ್ವರ ಎದ್ದ ಹುಳುವಿನ ಹಸಿವೆಗೆ ಎಣೆಯಿಲ್ಲ. ದಿನಕ್ಕೆ ಐದಾರು ಸಲ ಹಿಪ್ಪುನೇರಳೆ ಸೊಪ್ಪು ಬೇಕು. ಹಾಕುವವರು ಹೆಂಗಸರು. ಆ ಮನೆಯೊಳಗೆ ಹೊಗೆಸೊಪ್ಪಿನ ಕೈ ಆಗದು, ಒಗ್ಗರಣೆಯ ಘಾಟು ಆಗದು, ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗಲೂ ನಾವು ಅಷ್ಟು ಮಡಿಯಿಂದ ಇರುವುದಿಲ್ಲ.

ಪಟೇಲರು ಬುದ್ಧಿವಂತರು. ಆ ನಿಜದ ಪಕ್ಕದಲ್ಲೇ ತಮ್ಮ ಸುಳ್ಳನ್ನು ನೆಟ್ಟಿದ್ದರು. ವಾರದ ಹಿಂದೆ ಅರಳಿಕಟ್ಟೆಯಲ್ಲಿ ಕೂತು, ಈ ಸಲ ಓಟಿಗೆ ಬಂದಿರುವ ಹೊಸ ಶಾಯಿ ಹತ್ತಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳು ಕಪ್ಪಾಗಿ ಸಾಯುತ್ತವೆ, ಗಡಿಯಾಚೆ ನೂರು ಬಿದಿರು ತಟ್ಟೆ ಹುಳು ಹೀಗೇ ಹಾಳಾಯಿತು ಎಂದಿದ್ದರಂತೆ. ಗಂಡಸರು ಧಾರಾಳವಾಗಿ ಹೋಗಬಹುದು, ಅವರು ತಟ್ಟೆಗೆ ಕೈ ಹಾಕುವುದಿಲ್ಲವಲ್ಲ. ಹಿಂದಿನ ಚುನಾವಣೆಯಲ್ಲಿ ಪಟೇಲರ ಕಡೆಯವರು ಸೋತದ್ದು ಹೆಂಗಸರ ಓಟಿನಿಂದ ಅನ್ನುವುದು ಊರಿಗೆಲ್ಲ ಗೊತ್ತು. ಹುಳಗಳಿಗೆ ಮಾತ್ರ ಗೊತ್ತಿಲ್ಲ.

ಹನ್ನೊಂದೂವರೆಗೆ ಒಬ್ಬಳು ಬಂದಳು. ಅಮ್ಮಾಜಮ್ಮ ಅಂತ, ಎರ್ರಪ್ಪನ ಹೆಂಡತಿ. ಸೊಪ್ಪಿನ ಕರೆ ಹತ್ತಿ ಹಸಿರಾದ ಕೈ. ನಾಯಿಯನ್ನು ಎಬ್ಬಿಸಿ ಅದರ ಜಾಗದಲ್ಲಿ ನಿಂತು ಕೇಳಿದಳು: "ಸ್ವಾಮಿ, ಶಾಯಿ ಹಚ್ಚದೆ ಓಟು ಹಾಕಂಗಿಲ್ವಾ?"

"ಇಲ್ಲಮ್ಮ."

"ಕಾಲ್ಬೆಟ್ಟಿಗೆ ಹಚ್ಚಿ ಮತ್ತೆ. ಕಾಲಲ್ಲೇನು ನಾನು ಸೊಪ್ಪು ಹಾಕಲ್ಲ."

ನಮ್ಮ ಮುಖ್ಯ ಅಧಿಕಾರಿಗಳು ನಿಯಮದ ಪುಸ್ತಕ ತೆರೆದು ಹತ್ತು ನಿಮಿಷ ಹುಡುಕಿದರು. ಕೈಬೆರಳಿದ್ದವರ ಕಾಲ್ಬೆರಳಿನ ವಿಷಯದಲ್ಲಿ ಪುಸ್ತಕ ಮೌನವಾಗಿತ್ತು. ನಾನು ಮೆಲ್ಲಗೆ, "ಶಾಯಿಯಿಂದ ಹುಳಕ್ಕೆ ಏನೂ ಆಗಲ್ಲಮ್ಮ" ಅಂದೆ.

"ನೀವು ಹುಳ ಸಾಕಿದೀರಾ?"

"ಇಲ್ಲ."

"ಮತ್ತೆ ಸುಮ್ಕಿರಿ."

ಅವಳು ಬೆರಳು ಚಾಚಲಿಲ್ಲ, ಹಿಂದಕ್ಕೂ ಹೋಗಲಿಲ್ಲ. "ನಲವತ್ತು ತಟ್ಟೆ ಐತೆ ಸ್ವಾಮಿ. ಈ ಬೆಳೆ ಹೋದ್ರೆ ಮುಂದಿನ ಬೆಳೆವರೆಗೂ ಒಲೆ ಹಚ್ಚೋದು ಕಷ್ಟ" ಅಂದಳು. ಆಮೇಲೆ ಮತ ಹಾಕುವ ಮರೆಯ ಕಡೆ ತಿರುಗಿ, "ಅಪ್ಪ ಹೇಳಿದ್ದಕ್ಕೆ ಹೂಂ ಅಂದೆ, ನಮ್ಮನೆಯೋರು ಹೇಳಿದ್ದಕ್ಕೆ ಹೂಂ ಅಂದೆ. ಹೋದ್ಸಲ ಆ ಮರೆ ಒಳಗೆ ನಿಂತಾಗ ಪಕ್ಕದಾಗೆ ಯಾರೂ ಇರ್ಲಿಲ್ಲ. ಅದೊಂದು ಚೆನ್ನಾಗಿತ್ತು" ಅಂದವಳೇ ಎಡಗೈಯನ್ನು ನನ್ನ ಮುಂದೆ ಇಟ್ಟಳು. "ಹಚ್ಚಿ. ಒಂದು ತಟ್ಟೆ ಹೋದ್ರೆ ಹೋಗ್ಲಿ. ಮಿಕ್ಕಿದ್ದಕ್ಕೆಲ್ಲ ಬಲಗೈ ಐತೆ."

ಅಕ್ಕಾ, ನಾನು ನಿನಗೆ ಒತ್ತಿ ಹೇಳಬೇಕಾದದ್ದು ಇಷ್ಟೇ. ಪಟೇಲರ ಮಾತು ಸುಳ್ಳೆಂದು ಅವಳಿಗೆ ಗೊತ್ತಿರಲಿಲ್ಲ. ನಿಜವಿರಬಹುದು ಅಂತ ಅಂದುಕೊಂಡೇ ಬೆರಳು ಕೊಟ್ಟಳು. ಸುಳ್ಳೆಂದು ಗೊತ್ತಿದ್ದ ನಾನು ಗೀಟನ್ನು ಆದಷ್ಟು ಸಣ್ಣದಾಗಿ ಎಳೆದೆ.

ಮುಂದಿನದು ನಾನು ಕಂಡದ್ದಲ್ಲ, ಮೆಹಬೂಬ್ ಬೀ ಹೇಳಿದ್ದು. ಅವರು ಅಮ್ಮಾಜಮ್ಮನ ನೆರೆಮನೆಯವರು, ಗೂಡು ಬಿಚ್ಚಿ ನೂಲು ತೆಗೆಯುವವರು. ಅಮ್ಮಾಜಮ್ಮ ಮನೆಗೆ ಹೋಗಿ ಒಂದು ತಟ್ಟೆಯನ್ನು ಅಂಗಳಕ್ಕೆ ತಂದು ನೆರಳಲ್ಲಿಟ್ಟು, ಬೀದಿಯ ಹೆಂಗಸರನ್ನೆಲ್ಲ ಕರೆದು, ಶಾಯಿಯ ಬೆರಳು ಎಲ್ಲರಿಗೂ ತೋರಿಸಿ, ಆ ಕೈಯಿಂದಲೇ ಸೊಪ್ಪು ಹಾಕಿದಳಂತೆ. "ಮೂರು ಗಂಟೆವರೆಗೂ ನೋಡಣ. ಸತ್ರೆ ನನ್ನವು ಸಾಯ್ತವೆ. ಬದುಕಿದ್ರೆ ಎದ್ದು ಓಟಿಗೆ ಹೋಗ್ರಿ."

ಎಲ್ಲರೂ ತಟ್ಟೆ ಸುತ್ತ ಕೂತರು. ಹುಳು ತಲೆ ಅಲ್ಲಾಡಿಸಿದರೆ ಒಬ್ಬಳು "ಹೋಯ್ತು!" ಅನ್ನುವಳು, ಇನ್ನೊಬ್ಬಳು "ಮೇಯ್ತಾ ಐತೆ ಕಣೇ, ಬಾಯಿಮುಚ್ಚು" ಅನ್ನುವಳು. ರಂಜಾನ್ ಉಪವಾಸದಲ್ಲಿದ್ದ ಮೆಹಬೂಬ್ ಬೀ ಗದರಿದರಂತೆ: "ಹೋದ ವರ್ಷ ಹಬ್ಬಕ್ಕೆ ಮದರಂಗಿ ಹಾಕ್ಕೊಂಡು ನಿನ್ನ ಹುಳಕ್ಕೆ ನಾನೇ ಸೊಪ್ಪು ಹಾಕ್ಲಿಲ್ವಾ? ಕೆಂಪಿಗೆ ಸಾಯ್ದೆ ಇರೋದು ಕಪ್ಪಿಗೆ ಸಾಯ್ತದಾ? ನಾನು ಬೆಳಗ್ಗಿಂದ ಒಂದು ತೊಟ್ಟು ನೀರು ಕುಡ್ದಿಲ್ಲ, ನಿಮ್ಮ ಹುಳ ನನ್ನ ಮುಂದೇನೇ ಮೂರು ಸಲ ತಿಂದ್ವು!"

ಮೂರು ಗಂಟೆಗೆ ತಟ್ಟೆಯಲ್ಲಿ ಸೊಪ್ಪಿನ ನಾರು ಮಾತ್ರ ಉಳಿದಿತ್ತು. ಹುಳುಗಳು ಹಪ್ಪಳ ಕರಿದ ಹಾಗೆ ಚರಚರ ಸದ್ದು ಮಾಡುತ್ತ ಇನ್ನೂ ಬೇಕೆಂದು ತಲೆ ಎತ್ತಿದ್ದವು. ಮನೆಮನೆಯಲ್ಲೂ ಇನ್ನೊಂದು ಸುತ್ತು ಸೊಪ್ಪು ಹಾಕಿಯೇ ಹೊರಡಬೇಕಾಯಿತು. ಓಟಿಗಾಗಿ ಹುಳುವನ್ನು ಉಪವಾಸ ಕೆಡವುವ ಜಾತಿಯಲ್ಲ ನಮ್ಮ ಹೆಂಗಸರು.

ಐದಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಬೀದಿಯ ತುದಿಯಲ್ಲಿ ಧೂಳೆದ್ದಿತು. ಓಡುತ್ತ ಬಂದರು ಅಕ್ಕಾ! ನೂರು ಜನ ಇದ್ದಿರಬೇಕು, ಎಲ್ಲರದೂ ಹಸಿರು ಕೈ. ನಾಯಿ ಊರು ಬಿಟ್ಟಿತು. ಪಟೇಲರು ಜಗಲಿಯಿಂದಿಳಿದು, "ಟೈಮಾಯ್ತು, ಬಾಗಿಲು ಹಾಕ್ರಯ್ಯಾ" ಅಂದರು. ನಮ್ಮ ಅಧಿಕಾರಿಗಳು ಈ ಸಲ ಪುಸ್ತಕ ತೆರೆಯಲಿಲ್ಲ. ಐದಕ್ಕೆ ಸರಿಯಾಗಿ ಹೊರಗೆ ಬಂದು, ಸಾಲಿನ ಕೊನೆಯಿಂದ ಎಲ್ಲರಿಗೂ ಚೀಟಿ ಹಂಚಿ, "ಚೀಟಿ ಇರೋರೆಲ್ಲ ಹಾಕೇ ಹೋಗ್ತಾರೆ" ಅಂದರು.

ಮೊದಲ ಚೀಟಿ, ಅಂದರೆ ಸಾಲಿನ ಕೊನೆಯ ಜಾಗ, ಪಟೇಲರ ಹೆಂಡತಿ ಪೆದ್ದಮ್ಮನವರದು. ಪಟೇಲರು ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿ, "ನೀನ್ಯಾಕೆ ಬಂದೆ?" ಅಂದರು.

"ನಮ್ಮನೇಲಿ ಹುಳಾನೇ ಸಾಕಲ್ವಲ್ಲ, ನಂಗೇನು ಭಯ?" ಅಂದರು ಆಕೆ.

ಲಾಟೀನು ಹಚ್ಚಿಕೊಂಡು ಮುಗಿಸಿದೆವು. ಮೆಹಬೂಬ್ ಬೀ ಸಾಲಿನಲ್ಲೇ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಉಪವಾಸ ಬಿಟ್ಟು, ಜಾಗ ಬಿಡದೆ ನಿಂತು, ಓಟು ಹಾಕಿ ಹೋದರು.

ಮೊನ್ನೆ ಅಮ್ಮಾಜಮ್ಮನ ಮನೆಗೆ ಹೋಗಿದ್ದೆ. ಗೂಡು ಬಿಡಿಸುತ್ತಿದ್ದರು. ಆ ತಟ್ಟೆಯ ಗೂಡು ಎಲ್ಲಕ್ಕಿಂತ ದಪ್ಪವಾಗಿತ್ತು ಅಂತ ಬರೆದರೆ ನಿನಗೆ ಓದಲು ಚೆನ್ನಾಗಿರುತ್ತಿತ್ತು. ಇಲ್ಲ, ಉಳಿದವುಗಳ ಹಾಗೇ ಇತ್ತು. "ಈಗ ಹೇಳ್ಬೌದು ಸ್ವಾಮಿ ನೀವು" ಅಂದಳು ಅಮ್ಮಾಜಮ್ಮ, "ಶಾಯಿಯಿಂದ ಹುಳಕ್ಕೆ ಏನೂ ಆಗಲ್ಲ ಅಂತ."

ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಕೈವಾರದ ತಾತಯ್ಯನವರ ಕೃಪೆಯಿಂದ ವಿದ್ಯೆಯೂ, ಮಾವನಿಗಿಂತ ಹೆಚ್ಚು ಬುದ್ಧಿಯೂ ಬರಲಿ.

ನಿನ್ನ ತಮ್ಮ
ಚನ್ನಕೇಶವ

ಮರೆತ ಮಾತು: ಮರೆತದ್ದೆಂದು ಬರೆದೆ, ಮರೆತಿಲ್ಲ. ಆವೊತ್ತು ಪಟ್ಟಿ ನೋಡುವ ಗುಮಾಸ್ತರು "ಅಮ್ಮಾಜಮ್ಮ" ಅಂತ ಕೂಗಿದಾಗ ಅವಳು "ಹೂಂ, ನಾನೇ" ಅಂದಳು. ಅದನ್ನು ಕೇಳಿ ನನಗೆ ಸ್ವಲ್ಪ ಹೊತ್ತು ಸೀಸೆ ಕಾಣಲಿಲ್ಲ.

ಮೊದಲನೆಯ ಚುನಾವಣೆಗೆ ಚಿಂತಾಮಣಿಯಲ್ಲಿ ನಮ್ಮ ಬೀದಿಯ ಮತದಾರರ ಪಟ್ಟಿ ಬರೆದವನು ನಾನು. ಹೊಸ ಕೆಲಸದ ಹುರುಪು. ಹೆಂಗಸರು ಬಾಗಿಲ ಹಿಂದೆ ನಿಂತು ಹೆಸರು ಹೇಳಲು ನಾಚುತ್ತಿದ್ದರು. ಎರಡನೇ ಸಲ ಕೇಳುವ ತಾಳ್ಮೆ ನನಗಿರಲಿಲ್ಲ. ನಲ್ಲಪ್ಪನ ಹೆಂಡತಿ, ಬಯ್ಯಪ್ಪನ ಸೊಸೆ ಅಂತ ಬರೆದುಕೊಂಡು ಹೋದೆ. ಬೇಗ ಮುಗಿಸಿದೆನೆಂದು ಶಹಬಾಸ್ ಸಿಕ್ಕಿತು. ನಮ್ಮ ಮನೆಗೆ ಬಂದಾಗ ತಮಾಷೆಗೆ, ಜಂಬಕ್ಕೆ, "ಚನ್ನಕೇಶವನ ತಾಯಿ" ಅಂತ ಬರೆದೆ. ಹೆಸರಿಲ್ಲದ ಹೆಸರುಗಳನ್ನೆಲ್ಲ ಆಮೇಲೆ ಹೊಡೆದುಹಾಕಿದರು.

ಅಮ್ಮ ಆವೊತ್ತು ಸಾಲಿನಿಂದ ತಲೆಸುತ್ತು ಬಂದು ವಾಪಸಾದಳು ಅಂತ ನೀನು ಈಗಲೂ ಹೇಳುತ್ತೀಯ. ತಲೆಸುತ್ತು ಬಂದಿರಲಿಲ್ಲ. ಹೆಸರಿಲ್ಲವೆಂದು ಕಳಿಸಿದರು. ಅಲ್ಲಿದ್ದ ಗುಮಾಸ್ತ ನನ್ನ ಸ್ನೇಹಿತ, ಅವನೇ ನನಗೆ ಹೇಳಿದ. ಪಟ್ಟಿ ಬರೆದವರು ಯಾರಪ್ಪ ಅಂತ ಅಮ್ಮ ಕೇಳಿದಳಂತೆ. ಅವನು ನನ್ನ ಹೆಸರು ಹೇಳಿದಾಗ, "ಹಂಗಾದ್ರೆ ಯಾರ್ಗೂ ಹೇಳ್ಬೇಡಪ್ಪ, ಅವನಿಗಿನ್ನೂ ಹೊಸ ಕೆಲ್ಸ" ಅಂದಳಂತೆ. ಐವತ್ತೇಳರ ಚುನಾವಣೆಗೆ ಅಮ್ಮ ಇರಲಿಲ್ಲ. ಕದಿರಮ್ಮ ಅಂತ ಬರೆಯಲು ನಾಲ್ಕು ಅಕ್ಷರ ಬೇಕಾಗಿತ್ತು ಅಕ್ಕಾ.

ನೀವು ಹೊಸ ಬೀದಿಗೆ ಮನೆ ಬದಲಾಯಿಸಿದ್ದೀರಲ್ಲ, ಪಟ್ಟಿಯಲ್ಲಿ ಹೆಸರನ್ನು ಅಲ್ಲಿಗೆ ಹಾಕಿಸಬೇಕು. ಭಾವನವರನ್ನು ಕಳಿಸಬೇಡ. ಸೋಮವಾರ ಬಿಡುವಾದಾಗ ತಾಲ್ಲೂಕು ಕಚೇರಿಗೆ ನೀನೇ ಹೋಗು. ಗುಮಾಸ್ತರು ಬರೆದಾದ ಮೇಲೆ ಅದನ್ನೊಂದು ಸಲ ಗಟ್ಟಿಯಾಗಿ ಓದಿಸಿಕೊಂಡು, ಏನೆಂದು ಓದಿದರು ಅಂತ ನನಗೊಂದು ಕಾರ್ಡು ಹಾಕು.