ಬುರುಜು ಅಗೆಯುವ ಮೊದಲು

ಮುಂಡರಗಿ
೧೭ ಡಿಸೆಂಬರ್ ೧೯೫೬, ಸೋಮವಾರ

ಚನ್ನಬಸವಣ್ಣನವರಿಗೆ ನೀಲಗಂಗವ್ವನ ಶರಣಾರ್ಥಿ.

ಗಂಡನ ಹೆಸರನ್ನು ಹೆಂಡತಿ ಬರೆಯಬಾರದು ಎನ್ನುತ್ತಾರೆ. ಲಕೋಟೆಯ ಮೇಲೆ ಹೇಗೂ ಬರೆಯಲೇಬೇಕಲ್ಲ, ಇಲ್ಲೇ ಕೈ ರೂಢಿ ಮಾಡಿಕೊಂಡೆ. ಎಂಟು ವರ್ಷ ಒಂದು ಸಾಲೂ ಬರೆಯದವಳಿಗೆ ಇವತ್ತೇನು ಬಂತು ಎಂದು ಹುಬ್ಬು ಗಂಟಿಕ್ಕಬೇಡಿ. ಇದು ನಮ್ಮ ಮಗಳ ವಿಷಯದ ಮಾತು.

ನಾವು ಒಂದು ಮಳೆಗಾಲ ಕಳೆದ ಆ ಗುಡ್ಡದ ಕೋಟೆಯನ್ನು ಈಗ ಅಗೆಯುತ್ತಿದ್ದಾರೆ. ಪ್ರಾಚ್ಯವಸ್ತು ಖಾತೆಯ ಸಾಹೇಬರೊಬ್ಬರು ಬಂದು ಡೇರೆ ಹಾಕಿದ್ದಾರೆ. ವಯಸ್ಸಾದವರು, ಮೆತ್ತಗೆ ಮಾತಾಡುತ್ತಾರೆ. ಅಕ್ಷರ ದುಂಡಗಿದ್ದವರು ಬೇಕೆಂದು ನಮ್ಮ ಹೆಣ್ಣುಮಕ್ಕಳ ಶಾಲೆಗೆ ಹೇಳಿಕಳಿಸಿದ್ದರು. ಶಾಲೆ ಬಿಟ್ಟ ಮೇಲೆ ಹೋಗಿ, ತೊಳೆದಿಟ್ಟ ಗಡಿಗೆಯ ಚೂರುಗಳ ಮೇಲೆ ಮಸಿಯಲ್ಲಿ ನಂಬರು ಬರೆಯುತ್ತೇನೆ. ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂರುವುದಕ್ಕಿಂತ ಇದು ಮೇಲು.

ಶತ್ರುಗಳು ಮುತ್ತಿಗೆ ಹಾಕಿ ಕೋಟೆ ಸುಟ್ಟರು ಅಂತಲ್ಲವೇ ನಾವೆಲ್ಲ ಕೇಳಿದ್ದು? ಸಾಹೇಬರು ಹಾಗೆ ಹೇಳುವುದಿಲ್ಲ. ಕೆಳಗಿನ ದೊಡ್ಡ ಕಲ್ಲಿನ ಗೋಡೆ ಹಳೆಯದು, ಅದರ ಮೇಲೆ ತುಪಾಕಿ ಕಿಂಡಿ ಇಟ್ಟು ಕಟ್ಟಿದ್ದು ಎಷ್ಟೋ ತಲೆಮಾರಿನ ನಂತರದ್ದು. ಸುಟ್ಟ ಬೂದಿಯ ಪದರವೂ ಇಲ್ಲ, ಒಂದು ಗುಂಡೂ ಸಿಕ್ಕಿಲ್ಲ. ನೀರಿನ ಹೊಂಡ ಮಾತ್ರ ಅಡಿಯಲ್ಲಿ ಸೀಳಿದೆ. ನೀರು ನಿಲ್ಲದ್ದಕ್ಕೆ ಒಂದೊಂದೇ ಮನೆಯವರು ಕೆಳಗಿಳಿದು ಹೋಗಿರಬೇಕು, ಕೊನೆಯವರು ಹೋಗುವಾಗ ಬಾಗಿಲು ಹಾಕಲೂ ಯಾರೂ ಉಳಿದಿರಲಿಕ್ಕಿಲ್ಲ ಎನ್ನುತ್ತಾರೆ. ಕೂಗಾಟವಿಲ್ಲದೆ ಮನೆ ಖಾಲಿಯಾಗುವುದು ಹೇಗೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೋದ ವಾರ ಕಾಳು ತುಂಬಿಡುವ ಹಗೇವಿನ ಹತ್ತಿರ ಒಂದು ಹಸಿರು ಬಳೆಚೂರು ಸಿಕ್ಕಿತು. ಸಾಹೇಬರು ಬೆಳಕಿಗೆ ಹಿಡಿದು ನೋಡಿ, “ಇದು ನಮ್ಮ ಕಾಲದ್ದ ಐತಿ ತಂಗಿ, ಇದಕ್ಕ ನಂಬರ್ ಬ್ಯಾಡ” ಎಂದು ನಕ್ಕು ಕೊಟ್ಟರು. ನನ್ನದೇ ಬಳೆ. ರಜಾಕಾರರ ಹಾವಳಿಗೆ ಕೊಪ್ಪಳದ ಕಡೆಯಿಂದ ರಾತ್ರೋರಾತ್ರಿ ಗಡಿ ದಾಟಿ ಬಂದು, ಊರೊಳಗೆ ಜಾಗ ಸಿಗದೆ ನಾವು ಹೂಡಿದ ಒಲೆ ಅಲ್ಲೇ ಇತ್ತು. ನನ್ನ ಬಳೆ ಸಿಕ್ಕಿತೆಂದ ಮೇಲೆ ಮಗಳೇನು ದೂರವಿದ್ದಾಳೆಯೇ?

ಮಗಳನ್ನು ಈ ಗುಡ್ಡದಲ್ಲೇ ಮಣ್ಣು ಮಾಡಿದ್ದನ್ನು ಸಾಹೇಬರಿಗೆ ಹೇಳಿದೆ. ಪಾಪ, ಬಹಳ ನೊಂದುಕೊಂಡರು. “ಎಲ್ಲಿ ಅಂತ ತೋರಸ್ರಿ, ಆ ಜಾಗ ಮುಟ್ಟೂದಿಲ್ಲ. ಇಡೀ ಗುಡ್ಡಾ ಬಿಡಾಕ ನನ್ನ ಕೈಯಾಗಿಲ್ಲ” ಎಂದರು. ಹೆತ್ತವಳಿಗೆ ಜಾಗ ಗೊತ್ತಿಲ್ಲ ಎಂದು ಹೇಳಲು ನನಗಾದ ನಾಚಿಕೆ ಆ ಬಸವಣ್ಣನಿಗೇ ಗೊತ್ತು.

ಕೂಸು ಕಣ್ಣು ಮುಚ್ಚಿದಾಗ, ಹೆಂಗಸರು ಬರಬಾರದು ಎಂದು ನೀವೊಬ್ಬರೇ ಎತ್ತಿಕೊಂಡು ಹೋದಿರಿ. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದಿರಿ. ಅಂಗೈಯಗಲದ ಕೂಸಿಗೆ ಕುಣಿ ತೋಡಲು ಇಡೀ ದಿನ ಬೇಕೇ? ಬಾಣಂತಿಯ ಅಳು ಕೇಳಲಾರದೆ ಎಲ್ಲೋ ಹೋಗಿ ಕೂತಿದ್ದೀರಿ ಎಂದುಕೊಂಡೆ. ಅವತ್ತು ನನ್ನನ್ನು ತಬ್ಬಿಕೊಂಡು ಕೂತವಳು ಕೋಟೆಯ ಕೆಳಗಿನ ಶಮಶಾದಬಿ. ಎಲ್ಲಿ ಇಟ್ಟು ಬಂದಿರಿ ಎಂದು ಕೇಳಿದರೆ “ಮರತಬಿಡು” ಅಂದಿರಿ. ಗಲಾಟೆ ಮುಗಿದು ಎಲ್ಲರೂ ಊರಿಗೆ ಹೊರಟಾಗ ನಾನು ಬರಲಿಲ್ಲ. ಮಗಳನ್ನು ಬಿಟ್ಟು ಬರಲಾರೆ ಎಂದು ಹೇಳಿದ್ದು ಖರೆ. ನಿಮ್ಮ ಮೇಲಿನ ಸಿಟ್ಟೂ ಅಷ್ಟೇ ಖರೆ. ನೀವೂ ಕರೆಯಲು ಒಮ್ಮೆ ನಿಮ್ಮ ತಮ್ಮನನ್ನು ಕಳಿಸಿ ಸುಮ್ಮನಾದಿರಿ.

ಈಗ ಗಡಿಯೂ ಇಲ್ಲ, ನಾಕಾದ ಕಟ್ಟೆಯ ಮೇಲೆ ಯಾರೋ ಚಹಾದಂಗಡಿ ಹಾಕಿದ್ದಾರೆ. ನಿಮ್ಮೂರು ನಮ್ಮೂರು ಒಂದೇ ರಾಜ್ಯವಂತೆ. ಒಂದಾದ ದಿನ ಶಾಲೆಯಲ್ಲಿ ಮಕ್ಕಳಿಗೆ ಪೇಢೆ ಹಂಚಿದೆ. ಮನೆಗೆ ಬಂದರೆ ಹೇಳಲು ಯಾರೂ ಇರಲಿಲ್ಲ. ಶಮಶಾದಬಿ ಬೈಯುತ್ತಾಳೆ: “ಬರ್ರಿ ಅಂತ ಒಂದ ಮಾತ ಬರದರ ನಿನ್ನ ಕೈ ಸವದ ಹೋಗತೈತೇನ ಅವ್ವಾ?”

ಶನಿವಾರದ ಹೊತ್ತಿಗೆ ಇನ್ನೂ ಮುಟ್ಟದ ಬುರುಜಿನ ಕಡೆಯೂ ಅಗೆತ ಶುರುವಾಗುತ್ತದೆ. ಅಷ್ಟರೊಳಗೆ ಬಂದು ಜಾಗ ತೋರಿಸಿ. ತೋರಿಸಿ ಆ ಮೋಟಾರಿಗೇ ತಿರುಗಿ ಹೋಗುವುದಾದರೂ ಸರಿ, ನಾನು ತಡೆಯುವುದಿಲ್ಲ.

ಇಂತಿ,
ಈಗಲೂ ನಿಮ್ಮ ಹೆಸರಿಗೆ ತಾಳಿ ಕಟ್ಟಿಕೊಂಡಿರುವ
ನೀಲಗಂಗವ್ವ

ತಾ.ಕ.: ಮೇಲಿನದನ್ನು ಸೋಮವಾರ ಬರೆದು, ಟಪಾಲಿಗೆ ಹಾಕಲು ಮನಸ್ಸಾಗದೆ ಇಟ್ಟುಕೊಂಡೆ. ಇವತ್ತು ಗುರುವಾರ. ಆಳುಗಳು ನಿನ್ನೆಯೇ ಬುರುಜಿನ ಬುಡ ಕೆದರಿದರು. ಸಿಕ್ಕಳು. ಕೋಟೆಯ ಕಲ್ಲುಗಳನ್ನೇ ನಾಲ್ಕೂ ಕಡೆ ಜೋಡಿಸಿ, ಸಂದಿಗೆ ಚಕ್ಕೆ ತುಂಬಿ, ಮೇಲೆ ಚಪ್ಪಡಿ ಮುಚ್ಚಿತ್ತು. ಇದು ಕೋಟೆಯಷ್ಟೇ ಹಳೆಯದು ಎಂದೇ ಸಾಹೇಬರು ತಿಳಿದಿದ್ದರು. ಚಪ್ಪಡಿ ಸರಿಸಲು ಮೂವರು ಆಳು ಬೇಕಾಯಿತು. ಒಳಗೆ ಕೂಸಿಗೆ ಸುತ್ತಿದ್ದ ನನ್ನ ಇಳಕಲ್ ಸೀರೆಯ ಸೆರಗು ಕಂಡಿತು. ಮಗುವಿನ ಮೇಲೆ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ. ಸಾಹೇಬರು ಟೊಪ್ಪಿಗೆ ತೆಗೆದು ನಿಂತರು, ಆಮೇಲೆ ಇದ್ದಂತೆಯೇ ಮುಚ್ಚಿಸಿದರು. ಇನ್ನು ಅಲ್ಲಿ ಯಾರೂ ಅಗೆಯುವುದಿಲ್ಲ.

ಆ ಕಲ್ಲುಗಳನ್ನೆಲ್ಲ ನೀವೊಬ್ಬರೇ ಮಳೆಯಲ್ಲಿ ಹೊತ್ತಿರಲ್ಲ, ನನಗೆ ಯಾಕೆ ಹೇಳಲಿಲ್ಲ? ಜಾಗ ತೋರಿಸಲು ಇನ್ನು ಬರಬೇಕಾಗಿಲ್ಲ. ನನ್ನ ಸಲುವಾಗಿ ಬನ್ನಿ.