ಹಸಿರು ಚುಕ್ಕೆ

ವಿಲ್ನಿಯಸ್, ಬುಧವಾರ

ಮಾನ್ಯ ರಾಮೂನಾಸ್ ಅವರಿಗೆ,

ನಿಮ್ಮಲ್ಲಿ ಕೆಲಸ ಮಾಡುವ ವಿದ್ಮಾಂತಸನ ಹೆಂಡತಿ ನಿಯೋಲೆ ಬರೆಯುವುದು. ನೀವು ಸಹಿಗೆ ಕಳಿಸಿದ ಕಾಗದ ಓದಿದೆ. ನನ್ನ ಶಾಲೆಯ ಓದು ಅರ್ಧಕ್ಕೇ ನಿಂತದ್ದು, ಎಲ್ಲಿ ತಪ್ಪು ತಿಳಿದೆನೋ ಎಂದು ಮತ್ತೆ ಮತ್ತೆ ಓದಿದೆ. ರಕ್ಷಣೆಯ ಕನ್ನಡಕ ಅವನಾಗಿಯೇ ತೆಗೆದ, ಕಣ್ಣು ಸುಟ್ಟದ್ದು ಅವನದೇ ತಪ್ಪು, ಪರಿಹಾರ ಕೇಳುವುದಿಲ್ಲ ಎಂದಿದೆ, ಅಲ್ಲವೇ?

ಆ ಕನ್ನಡಕ ಹಾಕಿಕೊಂಡರೆ ಲೇಸರಿನ ಹಸಿರು ಚುಕ್ಕೆಯೇ ಕಾಣುವುದಿಲ್ಲವಂತೆ. ಚುಕ್ಕೆ ಕಾಣದೆ, ಕಣ್ಣೆದುರು ಚಿತ್ರ ಮೂಡಿಸುವ ನಿಮ್ಮ ಹೊಸ ಯಂತ್ರದೊಳಗೆ ಬೆಳಕನ್ನು ಸರಿಯಾಗಿ ಕೂರಿಸುವುದು ಹೇಗೆ? ಕ್ಯಾಮರಾದಲ್ಲಿ ನೋಡಿ ಕೂರಿಸುತ್ತೇನೆ, ಒಂದು ತರಿಸಿ ಎಂದು ಅವನು ಕೇಳಿದ. ನೀವು ಏನೆಂದಿರಿ? "ನಾಳೆ ಗಿರಾಕಿಗಳು ಬರ್ತಾರೆ ಮಾರಾಯ! ತಲೆಗೆ ಚೀಲ ಹಾಕ್ಕೊಂಡು ಸೂಜಿಗೆ ದಾರ ಪೋಣಿಸ್ತೀಯಾ? ತೆಗಿ ಅತ್ಲಾಗೆ!" ಎಲ್ಲರೂ ನಕ್ಕರಂತೆ. ಅವನೂ ನಕ್ಕು ಕನ್ನಡಕ ತೆಗೆದನಂತೆ.

ಎಡಗಣ್ಣು ಹುಟ್ಟಿನಿಂದ ಮಂದ, ನಿಮಗೆ ಗೊತ್ತು. ಈಗ ಬಲಗಣ್ಣಿನಲ್ಲೂ ನಟ್ಟನಡುವೆ ಏನೂ ಕಾಣುವುದಿಲ್ಲ. ಬಟ್ಟಲಿನ ಅಂಚು ಕಾಣುತ್ತದೆ, ಒಳಗಿನ ಬೀಟ್‌ರೂಟ್ ಸಾರು ಕಾಣುವುದಿಲ್ಲ. ನನ್ನ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. "ಇನ್ಮೇಲೆ ನಿಂಗೆ ವಯಸ್ಸೇ ಆಗಲ್ಲ ಬಿಡೇ" ಎನ್ನುತ್ತಾನೆ. ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋದರೂ ನನಗೆ ಒಲೆಯದೇ ಚಿಂತೆ.

"ರಾಮೂನಾಸ್ ಒಳ್ಳೆಯವನು ಕಣೇ, ಕೊಡು ಸಹಿ ಹಾಕ್ತೀನಿ" ಎಂದು ದಿನವೂ ಕೇಳುತ್ತಾನೆ. ಅದರಲ್ಲಿ ಏನಿದೆಯೆಂದು ಓದಿ ಹೇಳಲು ನನಗೆ ಬಾಯಿ ಬರುತ್ತಿಲ್ಲ. ದಯವಿಟ್ಟು ನೀವೇ ಬಂದು, ಅವನೆದುರು ಕುಳಿತು, ಓದಿ ಹೇಳಿ. ಗಂಟೆ ಕೆಟ್ಟಿದೆ, ಬಾಗಿಲು ತಟ್ಟಿ. ಸಂಕೋಚ ಬೇಡ, ನಿಮ್ಮ ಮುಖ ಅವನಿಗೆ ಕಾಣುವುದಿಲ್ಲ.

ನಾನು ಪಕ್ಕದಲ್ಲೇ ಇರುತ್ತೇನೆ.

ಇಂತು,
ನಿಯೋಲೆ